ಭುಜ ಬದಲಿಸಿದ ಹಸಿರು ಹರಳು

ನ್ಯೂಯಾರ್ಕ್
ಮಾರ್ಚ್ ೬, ೧೯೬೭

ಪ್ರಿಯ ಕೋರಾ,

ಎರಡು ವರ್ಷಗಳ ನಂತರ ನಿನ್ನಿಂದ ಬಂದದ್ದು ಮೂರೇ ಮಾತು: "ಆ ಟೇಪು ಅಳಿಸ್ತಾರಂತೆ. ಅಳಿಸಲಿ ಬಿಡು. ಅದರಲ್ಲಿರೋದು ನನ್ನ ಗಂಟಲೇ ಅಲ್ಲವಲ್ಲ." ಅಳಿಸುವ ಟೇಪುಗಳ ಪಟ್ಟಿ ನಮ್ಮ ಟೀವಿ ಕೇಂದ್ರದ ಉಗ್ರಾಣದಿಂದ ಹೊರಗೆ ಹೋಗುವಂಥದ್ದಲ್ಲ. ನಿನಗೆ ಹೇಳಿದವರು ಯಾರು? ನಿರ್ದೇಶಕ ಹಾರ್ಲನ್ ಇರಬೇಕೆಂದು ನನ್ನ ಅನುಮಾನ.

ನಿನ್ನ ತಂಗಿ ಫೋನ್ ಮಾಡಿದ್ದಳು. ಹೊಸ ಸಂಗೀತ ನಾಟಕದ ಮುಖ್ಯ ಪಾತ್ರಕ್ಕೆ ನಿನ್ನನ್ನು ಕೇಳಿದ್ದಾರೆ, ಶುಕ್ರವಾರದೊಳಗೆ ಉತ್ತರಿಸಬೇಕು, ನೀನು ಒಲ್ಲೆ ಎನ್ನಲಿದ್ದೀಯ ಎಂದಳು. "ಟೀವಿಯವರ ಆ ಕೊನೇ ಸ್ವರ ಅವಳಿಗೆ ಭೂತದ ಥರ ಮೆಟ್ಕೊಂಡಿದೆ ಭಾವ, ನೀವಾದ್ರೂ ಬಿಡಿಸಿ" ಎಂದಳು. ಆದ್ದರಿಂದ ಈ ಪತ್ರ.

ನಿನ್ನ ಹಾಡುಗಳ ಟೀವಿ ವಿಶೇಷ ಕಾರ್ಯಕ್ರಮದ ದಿನ ಸಂಜೆ ಐದಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು, ಹೀಗೆ ಬೇರೆಬೇರೆ ಪ್ರೇಕ್ಷಕರ ಮುಂದೆ ಎರಡು ಸಲ ಚಿತ್ರೀಕರಣ ನಡೆಯಿತು. ಎರಡರಲ್ಲಿ ಚೆನ್ನಾದುದನ್ನು ಬ್ಲೇಡಿನಿಂದ ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಕೊನೆಯ ಹಾಡಿಗೆ ಮಾತ್ರ ಬ್ಲೇಡು ತಾಗಕೂಡದು, ಎಂಟರದ್ದೇ ಇಡಿಯಾಗಿ ಹೋಗಬೇಕೆಂಬುದು ಹಾರ್ಲನ್‌ನ ಕಟ್ಟಪ್ಪಣೆ. ಎಂಟರಲ್ಲಿ ನಿನ್ನ ಕೊನೆಯ ಸ್ವರ ಒಡೆಯಿತು. ಎರಡು ವಾರಗಳ ನಂತರ ಪ್ರಸಾರವಾದಾಗ ಅದು ಒಡೆದಿರಲಿಲ್ಲ. ನೀನು ಸೋಫಾದಿಂದ ಎದ್ದು, "ಯಾರದು ಆ ದನಿ? ಜೋನೀದಾ?" ಎಂದು ಕೇಳಿದೆ. ನಿನ್ನ ದನಿ ಕೈಕೊಟ್ಟರೆ ಇರಲೆಂದು ಹಿಮ್ಮೇಳದ ಹುಡುಗಿ ಜೋನಿಯಿಂದ ಹಾರ್ಲನ್ ಅದೇ ಹಾಡನ್ನು ಗುಟ್ಟಾಗಿ ಹಾಡಿಸಿಟ್ಟಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಉತ್ತರಿಸುವ ಬದಲು ಕೇಳಿದೆ: "ಚಿತ್ರೀಕರಣದ ದಿನ ಹಾರ್ಲನ್ ಕೋಣೇಲಿ ಒಂದು ಗಂಟೆ ನಿನಗೇನು ಕೆಲಸ?" ನೀನು ಕೋಟು ತೆಗೆದುಕೊಂಡು ಹೊರಟೆ.

ನಿನ್ನೆ ಉಗ್ರಾಣದಿಂದ ಆ ಟೇಪನ್ನು ತರಿಸಿದೆ. "ಏನಯ್ಯಾ ಲಾಯ್ಡ್, ಹೆಂಡತೀನ ಬಿಟ್ಟೆ, ಟೇಪನ್ನ ಬಿಡ್ತಿಲ್ಲವಲ್ಲ!" ಎಂದು ಉಗ್ರಾಣದ ಡೂಲಿ ನಕ್ಕ. ಕೊನೆಯ ಹಾಡನ್ನು ಹನ್ನೊಂದು ಸಲ ನೋಡಿದೆ.

ನಿನ್ನ ಹಸಿರು ಹರಳಿನ ಪಿನ್ನು ನೆನಪಿದೆಯೇ? ಐದರ ಪ್ರದರ್ಶನದಲ್ಲಿ ಅದು ಬಲ ಭುಜದ ಮೇಲಿತ್ತು. ದೀಪಕ್ಕೆ ಹೊಳೆಯುತ್ತದೆಂದು ಕ್ಯಾಮೆರಾದವನು ಗೊಣಗಿದ್ದರಿಂದ, ಎಂಟರ ಹೊತ್ತಿಗೆ ಎಡಕ್ಕೆ ಚುಚ್ಚಿದರು. ಟೇಪಿನಲ್ಲಿ ಕೊನೆಯ ಸಾಲಿನವರೆಗೂ ಪಿನ್ನು ಎಡಕ್ಕಿದೆ. ಕೊನೆಯ ಸ್ವರಕ್ಕೆ ಬಲಕ್ಕೆ ಬರುತ್ತದೆ. ನೀನು ರೆಪ್ಪೆ ಬಡಿಯುವಾಗಲೇ ಕತ್ತರಿಸಿದ್ದರಿಂದ ಯಾರಿಗೂ ಕಂಡಿಲ್ಲ.

ನಾವು ಟೇಪು ಕತ್ತರಿಸಿದರೆ ಚಿತ್ರ, ದನಿ ಎರಡೂ ಒಟ್ಟಿಗೇ ತುಂಡಾಗುತ್ತವೆ, ದನಿಯನ್ನಷ್ಟೇ ಬದಲಿಸಲಾಗದು. ಆ ಸ್ವರದೊಂದಿಗೆ ಬಂದಿರುವುದು ನಿನ್ನದೇ ಮುಖ, ಐದು ಗಂಟೆಯ ಮುಖ. ದನಿಯೂ ನಿನ್ನದೇ. ಕತ್ತರಿಸಿದವನು ನಾನು. ಅಪ್ಪಣೆ ಮೀರಿದ್ದು ಹಾರ್ಲನ್‌ಗೆ ತಿಳಿದರೆ ಕೆಲಸ ಹೋಗುತ್ತದೆಂಬ ಭಯವಿತ್ತು. ನಿನ್ನಿಂದ ಮುಚ್ಚಿಟ್ಟಿದ್ದಕ್ಕೆ ಆ ಕಾರಣ ಸಾಲದು. ನನ್ನ ಪ್ರಶ್ನೆಗೆ ನೀನು ಮೊದಲು ಉತ್ತರಿಸಬೇಕೆಂದು ಕಾದೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಟೇಪು ನೋಡುವ ಎರಡನೆಯ ಯಂತ್ರದ ಕೋಣೆಯನ್ನು ಕಾದಿರಿಸಿದ್ದೇನೆ. ಬಂದು ಕಣ್ಣಾರೆ ನೋಡು. ನನ್ನ ಮಾತನ್ನು ನಂಬಬೇಕಿಲ್ಲ, ಹರಳನ್ನು ನೋಡಿದರೆ ಸಾಕು. ಜೊತೆಗೆ ಯಾರನ್ನು ಕರೆತಂದರೂ ನನ್ನ ಆಕ್ಷೇಪವಿಲ್ಲ. ಹಾರ್ಲನ್‌ನನ್ನು ಬಿಟ್ಟು.

ಇಂತು,
ಲಾಯ್ಡ್

ಮತ್ತೊಂದು ಮಾತು: ನಿನಗೆ ಸುದ್ದಿ ಮುಟ್ಟಿಸಿದವನು ಹಾರ್ಲನ್ ಅಲ್ಲ, ಡೂಲಿ. ಈಗಷ್ಟೇ ಒಪ್ಪಿಕೊಂಡ. "ಅಳಿಸೋ ಚೀಟೀಲಿ ನಿನ್ನ ಸಹಿ ನೋಡಿ ಹೊಟ್ಟೆ ಉರೀತು, ಅವಳಿಗೆ ಬರೆದೆ" ಎಂದ. ಸಹಿ ನನ್ನದೇ, ವಿಚ್ಛೇದನ ಕೇಳಿ ನಿನ್ನ ವಕೀಲರ ಪತ್ರ ಬಂದ ದಿನ ಹಾಕಿದ್ದು. ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ, ಅದಿಲ್ಲದೆ ಟೇಪು ಅಳಿಸುವಂತಿಲ್ಲ. ನೀನೇ ಹರಿದುಹಾಕು.