ಯೂಸರ್‌ಡೇಟಾಗೆ ಟಿಕ್ ಇಲ್ಲ

ಮಾರ್ಚ್ 3, ಬೆಳಿಗ್ಗೆ 11.20

ಬೆಳಿಗ್ಗೆಯಿಂದ ಅಂಗಡಿಗೆ ರಿಪೇರಿಗೆ ಬಂದಿದ್ದು ಎರಡು ಡಿಸ್‌ಪ್ಲೇ, ಒಂದು ಚಾರ್ಜಿಂಗ್ ಪಿನ್. ಆಮೇಲೆ ಒಬ್ಬ ರಿಟೈರ್ಡ್ ಬಸ್ ಡ್ರೈವರ್, ಜೊತೆಗೆ ಹೆಂಡತಿ. ಫೋನು ಆನ್ ಆಗುತ್ತೆ, ಕಂಪನಿ ಹೆಸರು ಬರುತ್ತೆ, ಅಲ್ಲೇ ನಿಂತುಬಿಡುತ್ತೆ. ಬೇರೆ ಅಂಗಡೀಲಿ ಎಲ್ಲಾ ಅಳಿಸಿ ಸಾಫ್ಟ್‌ವೇರ್ ಹಾಕ್ಬೇಕು ಅಂದ್ರಂತೆ.

"ಅಳಿಸೋ ಹಾಗಿಲ್ಲಮ್ಮ. ಇವಳ ದನಿ ಇದೆ ಅದರಲ್ಲಿ."

ಆಕೆಗೆ ಗಂಟಲ ಆಪರೇಷನ್ ಆಗಿ ಎರಡು ವರ್ಷ. ಮಾತು ಹೋಗಿದೆ. ಇವರು ಡ್ಯೂಟೀಲಿದ್ದಾಗ ಆಕೆ ಕಳಿಸ್ತಿದ್ದ ವಾಯ್ಸ್ ಮೆಸೇಜೆಲ್ಲ ಅದರೊಳಗೇ. ಬೇರೆಲ್ಲೂ ಕಾಪಿ ಇಲ್ಲ.

"ಬೈದಿರೋದೇ ಜಾಸ್ತಿ," ಅಂದ್ರು.

ಆಕೆ ಪುಟ್ಟ ನೋಟ್‌ಬುಕ್ಕಲ್ಲಿ ಬರೆದು ನನ್ನ ಕಡೆ ತಿರುಗಿಸಿದ್ರು: "ಬೈಸ್ಕೊಳ್ಳೋ ಕೆಲಸ ಮಾಡಿದ್ರೆ ಹಾಡು ಹೇಳ್ಬೇಕಿತ್ತಾ?"

ನಕ್ಕೆ. ಫೋನು ಇಸ್ಕೊಂಡು, ಏನೂ ಒತ್ತದೆ ಪಕ್ಕಕ್ಕಿಟ್ಟೆ.

ಮಧ್ಯಾಹ್ನ

ಹೋದ ವರ್ಷದ್ದು ಮರೆತಿಲ್ಲ. ಒಬ್ಬ ನರ್ಸ್ ಫೋನು. 'ಫಾರ್ಮ್ಯಾಟ್ ಆಲ್' ಒತ್ತಿಬಿಟ್ಟೆ. ಫೋಟೋ, ನಂಬರು, ಫೋನಿನ ಗುರುತಿನ ಸಂಖ್ಯೆ ಐಎಂಇಐ ಸಮೇತ ಗುಡಿಸಿ ಹೋಯ್ತು. ಸಾಲಿನ ಅಂಗಡಿಯವರೆಲ್ಲ ಆಡಿಕೊಂಡ್ರು. ಎದುರು ರಿಪೇರಿ ಅಂಗಡಿಯ ಕನ್ನಡಕದಣ್ಣ ಮಾತ್ರ — ನನ್ನ ಗಿರಾಕಿಗಳನ್ನ ಕಿತ್ಕೊಳ್ಳಬಹುದಿತ್ತು — ಕರೆದು ಕೂರಿಸಿ, ಸ್ಕ್ಯಾಟರ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದು ತೋರಿಸಿದ್ರು.

"ಇದು ಫೋನಿನ ನಕ್ಷೆ ಕಣಮ್ಮ. ಯಾವುದು ಎಲ್ಲಿ ಶುರು, ಎಷ್ಟು ಉದ್ದ, ಎಲ್ಲಾ ಇದೆ. ಓದದೆ ಕೈ ಹಾಕ್ಬೇಡ."

ಮಾರ್ಚ್ 4, ಸಂಜೆ

ಅದೇ ಮಾಡೆಲ್‌ನ ಫರ್ಮ್‌ವೇರ್, ಫೋನು ನಡೆಸೋ ಸಾಫ್ಟ್‌ವೇರು, ಸಿಕ್ತು. ಮೊದಲು ರೀಡ್‌ಬ್ಯಾಕ್ — ಫೋನಲ್ಲಿರೋದೆಲ್ಲ ಹಾಗೇ ಕಂಪ್ಯೂಟರಿಗೆ. ಆದ್ರೆ ಅದು ಬೀಗ ಹಾಕಿದ ಗಂಟು, ಆ ಫೋನು ಏಳದೆ ತೆರೆಯಲ್ಲ. ಆಮೇಲೆ ಫೋನಿನ ನಕ್ಷೆ, ಡೌನ್‌ಲೋಡ್ ಆದ ನಕ್ಷೆ, ಎರಡೂ ಅಕ್ಕಪಕ್ಕ. ಒಂದೊಂದು ಭಾಗಕ್ಕೂ ಬೆರಳಿಟ್ಟು ಓದಿದೆ. ಬೂಟ್ ಸರಿ. ರಿಕವರಿ ಸರಿ. ಸಿಸ್ಟಮ್... ಹೊಂದಲ್ಲ! ಆ ಫೈಲಲ್ಲಿ ಸಿಸ್ಟಮ್ ಜಾಗ ದೊಡ್ಡದು. ಹಾಗೇ ಹಾಕಿದ್ರೆ ಪಕ್ಕದ ಯೂಸರ್‌ಡೇಟಾ ಮೇಲೆ ಹರಡ್ತಿತ್ತು. ಆಕೆಯ ದನಿ ಮೇಲೆ.

ಅಣ್ಣನ ಹತ್ರ ಓಡಿದೆ.

"ಒಂದೇ ಹೆಸರಲ್ಲಿ ಎರಡು ಥರ ಬೋರ್ಡ್ ಬಂದಿದೆ. ಇನ್ನೊಂದರ ಫೈಲು ನನ್ನ ಹತ್ರ ಇರ್ಬೇಕು, ಹುಡುಕ್ತೀನಿ. ಅಲ್ಲೀವರೆಗೂ ಏನೂ ಒತ್ತಬೇಡ."

ಮಾರ್ಚ್ 7

ಒತ್ತಿಲ್ಲ. ಡ್ರೈವರ್ ದಿನಾ ಬಂದು ಬೆಂಚಲ್ಲಿ ಕೂತು ಹೋಗ್ತಾರೆ. ಬೈದಿದ್ರೂ ವಾಸಿಯಿತ್ತು.

ಮಾರ್ಚ್ 9, ಸಂಜೆ 4.10

ಆಯ್ತು!!

ಅಣ್ಣ ಯಾವುದೋ ಹಳೇ ಹಾರ್ಡ್‌ಡಿಸ್ಕ್ ಜಾಲಾಡಿ ಫೈಲು ತಂದ್ರು. ಸಾಲು ಸಾಲೂ ಹೊಂದ್ತು. ಸಾಫ್ಟ್‌ವೇರ್ ವರ್ಷನ್ ಕೂಡ ಅದೇ. 'ಡೌನ್‌ಲೋಡ್ ಓನ್ಲಿ' ಆರಿಸಿದೆ, ಟಿಕ್ ಹಾಕಿದ್ದಷ್ಟೇ ಬದಲಾಗೋದು. ಬೂಟ್, ಸಿಸ್ಟಮ್ ಎರಡಕ್ಕೇ ಟಿಕ್. ಫೋನನ್ನ ಮೊದಲು ಎಬ್ಬಿಸೋ ಪ್ರೀಲೋಡರ್ ಚೆನ್ನಾಗೇ ಇದೆ, ಅದರ ತಂಟೆ ಬೇಡ. ಯೂಸರ್‌ಡೇಟಾ — ಟಿಕ್ ತೆಗೆದೆ. ನಾನು ಮೂರು ಸಲ ನೋಡಿದೆ, ಅಣ್ಣ ಇನ್ನೊಂದು ಸಲ.

"ಹೂಂ, ಒತ್ತು."

ಹಸಿರು ಗುರುತು. ಕಂಪನಿ ಹೆಸರು... ಹೆಸರು... ಹೆಸರೇ... ಲಾಕ್ ಸ್ಕ್ರೀನ್!

ಇವತ್ತು ಹೆಂಡತಿ ಜೊತೆ ಬಂದಿದ್ದ ಡ್ರೈವರ್ ಪ್ಯಾಟರ್ನ್ ಎಳೆದು ಒಂದು ಮೆಸೇಜ್ ಒತ್ತಿದ್ರು. ಅಂಗಡಿ ತುಂಬ ಗಟ್ಟಿ ಹೆಂಗಸಿನ ದನಿ: "ಟಿಫಿನ್ ಡಬ್ಬ ಇಲ್ಲಿ ಕೂತಿದೆ, ನೀವು ಅಲ್ಲಿ ಕೂತಿದ್ದೀರಿ. ಯಾರು ಯಾರನ್ನ ಹುಡುಕ್ಕೊಂಡು ಬರ್ಬೇಕು?"

"ಬಂದೆ ಕಣೇ," ಅಂದ್ರು ಡ್ರೈವರ್, ಫೋನಿಗೆ.

ಆಕೆ ಅವರ ಭುಜಕ್ಕೆ ಒಂದು ಏಟು ಕೊಟ್ರು. ಸದ್ದಿಲ್ಲದೆ ನಗ್ತಾ ಇದ್ರು, ಕಣ್ಣಲ್ಲಿ ನೀರು.

ಮಾರ್ಚ್ 10, ಬೆಳಿಗ್ಗೆ 9.50

ನಿನ್ನೆನೇ ಎಲ್ಲಾ ಮೆಸೇಜೂ ಎರಡು ಕಡೆ ಕಾಪಿ ಮಾಡಿಕೊಟ್ಟೆ. ಹೋಗುವಾಗ ಆಕೆ ನನ್ನ ಕೈ ಹಿಡ್ಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ಆ ಥ್ಯಾಂಕ್ಸಲ್ಲಿ ಅರ್ಧಕ್ಕಿಂತ ಜಾಸ್ತಿ ಅಣ್ಣನಿಗೆ ಸೇರ್ಬೇಕು. ಅವರು ಆಗ್ಲೇ ಎದ್ದು ಹೋಗಿದ್ರು.

ಒಂದು ವರ್ಷದಿಂದ ಹೇಳ್ಬೇಕು ಅಂತಿದ್ದೀನಿ. ಬಾಯಿ ತೆಗೆದ್ರೆ ಸಾಕು, "ಸರಿ ಸರಿ, ಕೆಲಸ ನೋಡು" ಅಂತಾರೆ. ಇವತ್ತು ಬಿಡಲ್ಲ. ರಸ್ತೆ ದಾಟಿ ಹೋಗಿ ಎದುರಿಗೇ ಹೇಳೋದು — ಅಣ್ಣಾ, ನೀವು ಇಲ್ಲದಿದ್ದಿದ್ರೆ ನಾನು ಈ ಅಂಗಡೀನ ಹೋದ ವರ್ಷವೇ ಮುಚ್ಚಿಬಿಡ್ತಿದ್ದೆ.