ನನ್ನ ಖಾತೆಗೆ ಬಂದ ಸೊನ್ನೆ

ಬ್ಯಾಂಕಿನ ಕಂಪ್ಯೂಟರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದು ನಾನು ಕೂಡಿಟ್ಟ ಹಣವನ್ನು ತಮ್ಮ ಹೊಸ ಕಂಪ್ಯೂಟರ್ ವ್ಯವಸ್ಥೆ ಒಂದೇ ಭಾನುವಾರದಲ್ಲಿ ನುಂಗಿ ನೀರು ಕುಡಿಯಿತು. ಒಂಬತ್ತು ದಿನ ಕಳೆದ ಮೇಲೆ ಕಕ್ಕಿತು, ನಿಜ. ‘ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬ ಸಂದೇಶವೂ ತಲುಪಿತು. ಆ ಅನಾನುಕೂಲ ಎಂಥದ್ದೆಂದು ತಮಗೆ ತಿಳಿಸುವುದು ಗ್ರಾಹಕಿಯಾಗಿ ನನ್ನ ಧರ್ಮ.

ನನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವಳು ನನ್ನ ಅಕ್ಕ. ಆ ಸೋಮವಾರ ಬೆಳಿಗ್ಗೆ ಅವಳ ಎಡಗಣ್ಣಿಗೆ ಕಪ್ಪು ತೆರೆ ಇಳಿದಂತಾಯಿತು. ಕಣ್ಣಿನ ಒಳಪೊರೆ ಕಳಚುತ್ತಿದೆ, ನಾಳೆಯೇ ಆಪರೇಷನ್ ಆಗಬೇಕು, ಮುಂಗಡ ಕಟ್ಟಿ ಎಂದರು ಡಾಕ್ಟರು. ಬ್ಯಾಂಕಿಗೆ ಓಡಿದೆ. ಕೌಂಟರಿನ ಗುಮಾಸ್ತರು ತಣ್ಣಗೆ ಹೇಳಿದರು:

“ನಿಮ್ಮ ಖಾತೇಲಿ ಸೊನ್ನೆ ಇದೆ ಮೇಡಂ.”

“ಶನಿವಾರ ದುಡ್ಡಿತ್ತಲ್ಲ ಸಾರ್?”

“ಶನಿವಾರ ಹಳೇ ಸಿಸ್ಟಮ್ಮು. ಇದು ಹೊಸದು.”

“ಹಾಗಾದ್ರೆ ಹಳೇದನ್ನೇ ಕೇಳಿ ನೋಡಿ.”

“ಅದನ್ನ ತೆಗೆದುಬಿಟ್ರಲ್ಲ. ಪಾಸ್‌ಬುಕ್ ಬರೆಸಿದೀರಾ?”

ಎಲ್ಲಿಂದ ಬರೆಸಲಿ? ಅದನ್ನು ಮುದ್ರಿಸುವ ತಮ್ಮ ಯಂತ್ರ ಕೆಟ್ಟು ಎರಡು ವರ್ಷವಾಯಿತು. “ಎಲ್ಲಾ ಮೊಬೈಲಲ್ಲೇ ಬರುತ್ತಲ್ಲ” ಎಂದು ನನ್ನನ್ನು ಸಾಗಹಾಕುತ್ತಿದ್ದವರೂ ಇದೇ ಗುಮಾಸ್ತರು. ಹಣ ಇತ್ತೆಂದು ನಾನೇ ಪುರಾವೆ ಒದಗಿಸಬೇಕಂತೆ, ಅದಕ್ಕೊಂದು ಅರ್ಜಿ ಕೊಟ್ಟರು. ಕಳೆದವರು ತಾವು, ಹುಡುಕಬೇಕಾದವಳು ನಾನು! ಮಂಗಳವಾರ ಹೋದರೆ “ನಾಳೆ ಬನ್ನಿ”. ಬುಧವಾರ ಮೊಬೈಲಿಗೆ ಸಂದೇಶ: ಖಾತೆಯಲ್ಲಿ ಕನಿಷ್ಠ ಮೊತ್ತ ಉಳಿಸದ ತಪ್ಪಿಗೆ ದಂಡ. ಎಂಥ ಚುರುಕು! ನನ್ನ ಹಣ ಕಾಣದ ಕಂಪ್ಯೂಟರಿಗೆ ನನ್ನ ತಪ್ಪು ಮಾತ್ರ ಅಷ್ಟು ಸ್ಪಷ್ಟವಾಗಿ ಹೇಗೆ ಕಂಡಿತು, ಸ್ವಾಮಿ?

“ಬಿಡೇ, ಇನ್ನೊಂದು ಕಣ್ಣಿದೆಯಲ್ಲ” ಎಂದಳು ಅಕ್ಕ. ಗುರುವಾರ ಕಸೂತಿ ಯಂತ್ರವನ್ನು ಎದುರಂಗಡಿಯವನಿಗೆ ಅರ್ಧ ಬೆಲೆಗೆ ಮಾರಿ ಮುಂಗಡ ಕಟ್ಟಿದೆ. ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು ಅಂದದ್ದು ಇಷ್ಟೇ: “ಮಂಗಳವಾರವೇ ಮಾಡಿದ್ರೆ ಪೂರ್ತಿ ಉಳೀತಿತ್ತಮ್ಮ.” ಈಗ ಆ ಕಣ್ಣಿಗೆ ಬೆಳಕು ಕಾಣುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ.

ನಾನು ಗಿರಾಕಿಯ ಬಟ್ಟೆಗೆ ತಪ್ಪಾಗಿ ಕತ್ತರಿ ಹಾಕಿದರೆ ಹೊಸ ಬಟ್ಟೆ ತಂದುಕೊಡುತ್ತೇನೆ. ಬಟ್ಟೆ ನಿಮ್ಮದೇ ಎಂಬುದಕ್ಕೆ ಪುರಾವೆ ತನ್ನಿ ಎಂದರೆ ಬೀದಿಯಲ್ಲಿ ನನ್ನ ಮಾನ ಹರಾಜಾದೀತು. ಹಾಗಿರುವಾಗ, ಲೆಕ್ಕವೆಲ್ಲ ಸರಿಯಾಗಿ ಬಂತೇ ಎಂದು ನೋಡದೆ ಹಳೆಯ ವ್ಯವಸ್ಥೆಯನ್ನು ಕಿತ್ತುಹಾಕಿಸಿದವರು ಯಾರು? ಕೇಳಿದರೆ ಸರ್ವರ್ ತಪ್ಪಂತೆ. ಪಾಪ, ಅದಕ್ಕೆ ಬಾಯಿಲ್ಲ.

ಭಿಕ್ಷೆಯೆಂದಲ್ಲ, ಹಕ್ಕೆಂದು ಕೇಳುತ್ತಿದ್ದೇನೆ. ಪಾಸ್‌ಬುಕ್ ಯಂತ್ರ ಈ ವಾರವೇ ರಿಪೇರಿಯಾಗಲಿ. ಕಂಪ್ಯೂಟರ್ ಕೈಕೊಟ್ಟ ದಿನ, ಪಾಸ್‌ಬುಕ್ ನೋಡಿ ಆಸ್ಪತ್ರೆ ಖರ್ಚಿನಷ್ಟಾದರೂ ಹಣ ಕೊಡುವ ಅಧಿಕಾರ ಶಾಖೆಗೆ ಸಿಗಲಿ. ವಸೂಲಿ ಮಾಡಿದ ದಂಡ ಇನ್ನೂ ವಾಪಸಾಗಿಲ್ಲ. ಅದನ್ನೂ ಕಸೂತಿ ಯಂತ್ರ ಮಾರಿದ ನಷ್ಟವನ್ನೂ ತುಂಬಿಕೊಡಿ. ಅಕ್ಕನ ಕಣ್ಣಿಗೆ ಪರಿಹಾರ ಕೇಳುತ್ತಿಲ್ಲ. ಅದಕ್ಕೆ ತಮ್ಮಲ್ಲಿ ಅರ್ಜಿಯ ನಮೂನೆ ಇರಲಾರದು.

ಇಂತಿ,
ಈ ತಿಂಗಳಿಂದ ಉಳಿತಾಯವನ್ನು ಬಟ್ಟೆಚೂರಿನ ಗಂಟಿನಲ್ಲಿ ಕಟ್ಟಿಡುತ್ತಿರುವ
ತಮ್ಮ ಹಳೆಯ ಗ್ರಾಹಕಿ