ಅತ್ತೆಯ ಹೆಸರಿನ ಎರಡನೆಯ ಸಾಲು

ನವೆಂಬರ್ ೧೪, ಶುಕ್ರವಾರ. ಜೊಂಜು, ಕೊರಿಯಾ.

ಎರಡನೆಯ ಸಾಲು ಇನ್ನೂ ಆಗಿಲ್ಲ. ನಾಳೆ ಅತ್ತೆಯ ಎಪ್ಪತ್ತರ ಹುಟ್ಟುಹಬ್ಬದ ಔತಣ. ನಲವತ್ತು ನೆಂಟರು ಒಟ್ಟಾಗಿ ಅವರ ಹೆಸರಿನ ಒಂದೊಂದೇ ಅಕ್ಷರ ಕೂಗುತ್ತಾರೆ. ಆ ಅಕ್ಷರದಿಂದಲೇ ಶುರುವಾಗುವ ಸಾಲನ್ನು ನಾನು ತಡವರಿಸದೆ ಹೇಳಬೇಕು. "ಟೀಚರಲ್ವಾ ನೀನು, ಮೂರು ಸಾಲು ಏನು ಮಹಾ!" ಎಂದು ಗಂಡ ಗ್ಯುಚೊಲ್ ನನ್ನನ್ನು ಮುಂದೆ ತಳ್ಳಿದ.

ಅತ್ತೆಯ ಹೆಸರು ಪ್ಯೊ ಮಾಕ್-ರೇ, ನಮ್ಮ ಲಿಪಿಯಲ್ಲಿ ಮೂರೇ ಅಕ್ಷರ. ಮದುವೆಯಾಗಿ ಒಂಬತ್ತು ವರ್ಷವಾಯಿತು, ಈ ಹೆಸರು ಹಿಡಿದು ಯಾರೂ ಕರೆದದ್ದು ಕೇಳಿಲ್ಲ. ಎಲ್ಲರಿಗೂ ಅವರು ಗ್ಯುಚೊಲ್‌ನ ಅಮ್ಮ. 'ಮಾಕ್' ಎಂದರೆ ಕೊನೆಯದು. ಮೂರು ಹೆಣ್ಣಾದ ಮೇಲೆ ಇವರು ಹುಟ್ಟಿದಾಗ, ಇದೇ ಕೊನೆಯ ಹೆಣ್ಣಾಗಲಿ ಎಂದು ಅವರಪ್ಪ ಇಟ್ಟ ಹೆಸರಂತೆ. ನನಗೆ ಗೊತ್ತಾದದ್ದೇ ಇವತ್ತು ಸಂಜೆ, ನಾಳೆಯ ಹುಟ್ಟುಹಬ್ಬದ ಸಾರಿಗೆ ಕಡಲಪಾಚಿ ತೊಳೆಯುತ್ತಾ ಅವರೇ ಹೇಳಿದಾಗ.

"ಪದ್ಯ ಬೇಡ ಬಿಡಿ ಅತ್ತೆ, ಹಾಡು ಹೇಳ್ತೀನಿ," ಎಂದೆ.

"ಯಾಕೆ ಬೇಡ? ಆಸ್ಪತ್ರೆ ನರ್ಸ್ ಬಿಟ್ರೆ ನನ್ನ ಹೆಸರು ಕೂಗೋರು ಯಾರಿದ್ದಾರೆ? ಕೂಗ್ಲಿ, ಜೋರಾಗೇ ಕೂಗ್ಲಿ!" ಎಂದರು. ಪಾಚಿ ಹಿಂಡಿಟ್ಟು, "ಆ ಮಧ್ಯದ್ದಿದೆಯಲ್ಲ, ಅದಕ್ಕೊಂದು ಒಳ್ಳೇ ಮಾತು ಹುಡುಕಮ್ಮ," ಎಂದರು.

ಹದಿನೇಳು ಸಾಲು ಬರೆದು ಹೊಡೆದುಹಾಕಿದ್ದೇನೆ. ಎಲ್ಲವೂ ಸಮಾಧಾನ ಹೇಳಿದ ಹಾಗಿವೆ. ಅವರು ಕೇಳಿದ್ದು ಸಮಾಧಾನವನ್ನಲ್ಲ. ನಾಳೆ ನಲವತ್ತು ಜನ 'ಮಾಕ್' ಎಂದು ಕೂಗುತ್ತಾರೆ, ಅತ್ತೆ ನನ್ನ ಮುಖವನ್ನೇ ನೋಡುತ್ತಾರೆ, ಆಗ ನಾನು…